ಶುಕ್ರವಾರದ ಆಮೀನ್

ನನ್ನ ಗಂಡ ಸಿರಾಜುದ್ದೀನ್ ಕೈರೋ ಹತ್ತಿರದ ನಮ್ಮೂರು ಬಿಲ್ಬೈಸಿನ ಮಸೀದಿಯ ಖತೀಬರು. ಶುಕ್ರವಾರ ಮೆಟ್ಟಿಲು ಹತ್ತಿ ಪ್ರವಚನ ಮಾಡೋದು, ಕೊನೆಗೆ ಸುಲ್ತಾನರ ಹೆಸರೆತ್ತಿ ಅವರಿಗೆ ಆಯಸ್ಸು ಬೇಡೋದು, ಇದೇ ಅವರ ಬದುಕು. ಹೆಸರು ತಪ್ಪಿತೋ, ದಂಗೆ ಎದ್ದಷ್ಟೇ ಅಪರಾಧ. ಪಕ್ಕದೂರಿನ ಖತೀಬ ಮರೆತು ಹಳೆಯ ಹೆಸರು ಹೇಳಿ ನಾಲಿಗೆಯನ್ನೇ ಕಳಕೊಂಡ.

ದೊಡ್ಡ ಸುಲ್ತಾನರಿದ್ದಾಗ ಈ ತಾಪತ್ರಯ ಇರಲಿಲ್ಲ. ನಾನು ಮದುವೆಯಾಗಿ ಬಂದಾಗಲೂ ಅವರೇ, ತಲೆ ನರೆತಾಗಲೂ ಅವರೇ. ಸೇತುವೆ ಕಟ್ಟಿಸಿದರು, ಬಾವಿ ತೋಡಿಸಿದರು, ಇಲ್ಲ ಅನ್ನೋಲ್ಲ. ದೂರದ ಶಾಮ್ ದೇಶದ ಯುದ್ಧಕ್ಕೆ ಒಂಟೆ ಹೊಡೆಯೋಕೆ ಅಂತ ನಮ್ಮ ಮಗ ನೂಮಾನನನ್ನು ಎಳಕೊಂಡು ಹೋದವರೂ ಅವರೇ. ದಂಡು ವಾಪಸ್ ಬಂತು, ಅವನು ಬರಲಿಲ್ಲ. ಸತ್ತ ಅನ್ನೋರೂ ಇಲ್ಲ, ಕಂಡೆ ಅನ್ನೋರೂ ಇಲ್ಲ. ಇವರು ಮಾತ್ರ ಮುಂದಿನ ಶುಕ್ರವಾರವೂ ಮೆಟ್ಟಿಲು ಹತ್ತಿ ಅದೇ ಸುಲ್ತಾನರಿಗೆ ಆಯಸ್ಸು ಬೇಡಿದರು. ನನ್ನ ಹೊಟ್ಟೆ ಉರಿದುಹೋಯಿತು. ಅಂದಿನಿಂದ ಆ ಪ್ರಾರ್ಥನೆಗೆ ನಾನು ಆಮೀನ್ ಅನ್ನೋದೇ ಬಿಟ್ಟೆ.

ದೊಡ್ಡವರು ತೀರಿಕೊಂಡ ಮೇಲೆ ಕೈರೋದಲ್ಲಿ ಸುಲ್ತಾನರ ಸಂತೆಯೇ ನೆರೆಯಿತು. ಒಬ್ಬನ ಹೆಸರು ಬಾಯಿಗೆ ಹತ್ತೋದರೊಳಗೆ ಇನ್ನೊಬ್ಬನ ಹೆಸರು ಹೊತ್ತು ಪಾರಿವಾಳ ಬಂದಿಳಿಯೋದು. ಆ ಶುಕ್ರವಾರ ಬೆಳಿಗ್ಗೆಯೂ ಹೊಸ ಹೆಸರು ಹೊತ್ತ ಪಾರಿವಾಳ ಬಂತು. ಊರಿಗೆ ಅಧಿಕಾರಿಯಾಗಿ ಹೊಸದಾಗಿ ಬಂದ ತುರ್ಕಿ ಅಮೀರ ಬೇರೆ ಮುಂದಿನ ಸಾಲಿನಲ್ಲೇ ಕೂರುವವನಿದ್ದ.

"ರೀ, ಇವತ್ತು ಮೈಮೇಲೆ ಎಚ್ಚರ ಇರಲಿ," ಅಂದೆ.

"ಸಾಕಾಗಿದೆ ಕಣೇ. ಯಾರ್ಯಾರಿಗೋ ಆಯಸ್ಸು ಬೇಡಿ ಬೇಡಿ ನಾಲಿಗೆ ಸವೆದುಹೋಯ್ತು."

"ಸವೆದದ್ದಾದರೂ ಬಾಯಲ್ಲೇ ಇರಲಿ. ಹೋಗಿ ಬನ್ನಿ."

ನಾನು ಹೆಂಗಸರ ಪರದೆಯ ಹಿಂದೆ ಕೂತೆ. ಕೊನೆಯ ಪ್ರಾರ್ಥನೆ ಬಂತು.

"ಯಾ ಅಲ್ಲಾ, ನಿನ್ನ ದಾಸ, ಸುಲ್ತಾನ..." ಅಂದವರು ತಡವರಿಸಿದರು. "...ನೂಮಾನನ ಆಯಸ್ಸು ಹೆಚ್ಚಿಸು. ಶತ್ರುಗಳ ಕೈಗೆ ಸಿಗದ ಹಾಗೆ ಕಾಪಾಡು."

ಅಯ್ಯೋ, ಸುಲ್ತಾನರ ಜಾಗದಲ್ಲಿ ನಮ್ಮ ಮಗನ ಹೆಸರು! ಅಮೀರ ಪಕ್ಕಕ್ಕೆ ಬಾಗಿ, "ಸುಲ್ತಾನರು ಮತ್ತೆ ಬದಲಾದರೇನೋ?" ಅಂತ ಕೇಳಿದನಂತೆ. ಪಕ್ಕದಲ್ಲಿದ್ದವನು ಬಾಂಗು ಕೂಗುವ ಇದ್ರೀಸ್, ನಮ್ಮ ನೂಮಾನನನ್ನು ಎತ್ತಿ ಆಡಿಸಿದವನು.

"ಬೆಳಿಗ್ಗೆ ಪಾರಿವಾಳವಂತೂ ಬಂದಿತ್ತು, ಒಡೆಯಾ," ಅಂದನಂತೆ.

ತನಗೇ ಸುದ್ದಿ ಗೊತ್ತಿಲ್ಲ ಅಂತ ತೋರಿಸಿಕೊಳ್ಳೋಕೆ ಯಾವ ಅಮೀರ ಒಪ್ಪುತ್ತಾನೆ? ಎರಡೂ ಕೈಯೆತ್ತಿ "ಆಮೀನ್!" ಅಂದ. ಅವನ ಹಿಂದೆಯೇ ಇಡೀ ಮಸೀದಿ ಅಂದಿತು.

ಮನೆಗೆ ಬಂದವರು ರೊಟ್ಟಿ ಮುಟ್ಟಲಿಲ್ಲ. ಗೋಡೆಗೊರಗಿ ಕೂತೇಬಿಟ್ಟರು.

"ನಮ್ಮ ಹುಡುಗನಿಗೆ ಇಡೀ ಊರೇ ಆಮೀನ್ ಅಂತು ಕಣೇ," ಅಂದರು. "ನೀನೂ ಅಂದೆಯಾ?"

"ಅಂದೆ ರೀ," ಅಂದು ಅತ್ತುಬಿಟ್ಟೆ.