ಚೀಲ ತುಂಬಿಟ್ಟು ಎದ್ದು ಹೋದವರು

ಅಸ್ಮಾಳ ಉದ್ಯೋಗ ಏನೆಂದು ಬೆಟಗೇರಿಯ ಆ ಓಣಿಯಲ್ಲಿ ಯಾರನ್ನೇ ಕೇಳಿದರೂ ಉತ್ತರ ಒಂದೇ: "ಮೊಬೈಲ್ ನೋಡ್ತಾಳ್ರಿ." ಹೇಳುವ ಧಾಟಿಯಲ್ಲೇ ಒಂದು ಸಣ್ಣ ನಗೆ ಇರುತ್ತಿತ್ತು. ಮೊಬೈಲು ನೋಡಿದ್ದಕ್ಕೆ ಪಗಾರ ಕೊಡುವ ಪುಣ್ಯಾತ್ಮ ಯಾರಪ್ಪ ಎಂಬ ನಗೆ. ಅಸ್ಮಾ ಬಿಡಿಸಿ ಹೇಳಲು ಹೋಗುತ್ತಿರಲಿಲ್ಲ. ಬಿ.ಕಾಂ. ಮುಗಿಸಿ, ಆಟೋ ಓಡಿಸುವ ರಫೀಕನ ಕೈಹಿಡಿದು, ಒಂಬತ್ತು ವರ್ಷ ರೊಟ್ಟಿ ಬಡಿದ ಮೇಲೆ ಸಿಕ್ಕ ಕೆಲಸ ಅದು. ನಗುವವರು ನಗಲಿ ಎಂದು ಬಿಟ್ಟಿದ್ದಳು.

ಕೆಲಸವೇನೋ ಕಷ್ಟದ್ದಲ್ಲ, ಆದರೆ ಕಣ್ಣು ತಪ್ಪುವಂತಿರಲಿಲ್ಲ. ಅದೇ ಬೆಟಗೇರಿಯ ಚನ್ನಬಸವಣ್ಣನವರದು ನಲವತ್ತು ವರ್ಷದ ಕೈಮಗ್ಗದ ಸೀರೆ ಅಂಗಡಿ. ಅವರ ಮಗ ಸಿದ್ದಲಿಂಗೇಶ ಅದನ್ನು ಇಂಟರ್ನೆಟ್ಟಿಗೂ ಏರಿಸಿದ್ದ. ಸೀರೆಯ ಜಾಹೀರಾತು ಜನರ ಮೊಬೈಲಿನಲ್ಲಿ ಕಾಣುತ್ತದೆ, ಕೆಳಗೊಂದು ಲಿಂಕು, ಒತ್ತಿದರೆ ಅಂಗಡಿ. ಅಸ್ಮಾ ಗದಗಕ್ಕೆ ಒಂದು, ಲಕ್ಷ್ಮೇಶ್ವರಕ್ಕೆ ಒಂದು, ಶಿರಹಟ್ಟಿಗೆ, ಮುಂಡರಗಿಗೆ ಒಂದೊಂದು ಎಂದು ಬೇರೆ ಬೇರೆ ಲಿಂಕು ಮಾಡಿಡುತ್ತಿದ್ದಳು. ಒಂದೇ ಮನೆಗೆ ನಾಲ್ಕು ಬಾಗಿಲಿಟ್ಟು, ಯಾವ ಬಾಗಿಲಿನಿಂದ ಎಷ್ಟು ಮಂದಿ ಬಂದರು, ಏನು ನೋಡಿದರು, ಏನು ಕೊಂಡರು ಎಂದು ದಿನಾ ಬರೆದಿಡುವುದು ಅವಳ ಪಾಲಿನದು. ಬೆಂಗಳೂರು, ಪುಣೆಯ ಬಾಗಿಲುಗಳನ್ನು ಬೆಂಗಳೂರಿನ ಒಂದು ಕಂಪನಿ ನೋಡಿಕೊಳ್ಳುತ್ತಿತ್ತು.

ದೂರದವರು ಕೊಂಡರು. ಊರವರು ಕೊಳ್ಳಲಿಲ್ಲ. ಬರುತ್ತಿದ್ದರು, ಸೀರೆಯ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದರು, ಮೆಚ್ಚಿದ್ದನ್ನು ಎತ್ತಿಡಲೆಂದು ಪರದೆಯ ಮೇಲೇ ಇರುವ ಚೀಲದೊಳಗೆ ಚಂದವಾಗಿ ಹಾಕುತ್ತಿದ್ದರು, ತಮ್ಮ ಫೋನ್ ನಂಬರನ್ನೂ ಬರೆಯುತ್ತಿದ್ದರು. ದುಡ್ಡು ಕಟ್ಟುವ ಕಡೆಗೆ ಬಂದಾಗ ಎದ್ದು ಹೋಗುತ್ತಿದ್ದರು. ಅಸ್ಮಾ ಫೋಟೋ ಬದಲಿಸಿದಳು, ಜಾಹೀರಾತಿನ ಮಾತು ಬದಲಿಸಿದಳು, ಹೊತ್ತು ಬದಲಿಸಿದಳು. ಚೀಲಗಳು ತುಂಬಿಯೇ ಉಳಿದವು. ಕೊನೆಗೆ ಬೇಸತ್ತು ತಿಂಗಳ ವರದಿಯಲ್ಲಿ, "ಈ ತಾಲೂಕುಗಳ ಜನಕ್ಕೆ ಕೊಳ್ಳುವ ಮನಸ್ಸಿಲ್ಲ" ಎಂದು ತಾನೇ ಬರೆದುಬಿಟ್ಟಳು.

ಬರೆದದ್ದು ತನ್ನ ಕಾಲ ಮೇಲೇ ಬಿತ್ತು. ವರದಿ ಓದಿದ ಸಿದ್ದಲಿಂಗೇಶ ಫೋನು ಮಾಡಿದ. "ಮನಸ್ಸ ಇಲ್ಲದ ಮಂದಿಗೆ ಜಾಹೀರಾತು ಯಾಕ್ರಿ ಅಸ್ಮಾ? ಈ ತಿಂಗಳ ಒಂದ ನೋಡೂಣು. ಆಮ್ಯಾಲೆ ಇಲ್ಲಿದು ಬಂದ್ ಮಾಡಿ, ಉಳದಿದ್ದು ಬೆಂಗಳೂರಿನವರ ಕಡೆನ ಇರಲಿ."

ಇಲ್ಲಿಯದು ಬಂದಾದರೆ ಅಸ್ಮಾಳೂ ಬಂದ್. ಅವಳಿಗೆ ಹೆದರಿಕೆಯಾಯಿತು. ಪಗಾರ ಹೋದೀತೆಂಬುದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಹತ್ತು ಗಂಟೆಗೆ ಕೈತೊಳೆದು ತನ್ನ ಮೂಲೆಯಲ್ಲಿ ತನ್ನದೇ ಕೆಲಸಕ್ಕೆ ಕೂರುವ ಆ ಗಳಿಗೆ ಹೋದೀತೆಂಬ ಹೆದರಿಕೆ. ಅದನ್ನು ರಫೀಕನಿಗೂ ಹೇಳಲಿಲ್ಲ.

ನಾಲ್ಕಾರು ದಿನ ಕಳೆದಿರಬೇಕು. ಮಧ್ಯಾಹ್ನ ಅತ್ತೆ ಫಕೀರಬಿ ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು, "ಅಲ್ಲ ಅಸ್ಮಾ, ಆ ಅಂಗಡಿಯವರು ಇನ್ನೂ ಫೋನ್ ಮಾಡವಲ್ರಲ್ಲ?"

"ಯಾವ ಅಂಗಡಿಯವರು, ಅಮ್ಮಾ?"

"ನಿನ್ನ ಅಂಗಡಿಯವರ. ಡಂಬಳದಾಗಿನ ನನ್ನ ತಂಗಿ ಒಂದ ಲಿಂಕ್ ಕಳಿಸಿದ್ಲು. ರಫೀಕನ ಫೋನಿನ್ಯಾಗ ಒತ್ತಿದ್ನಿ. ಕುಸುಬಿ ಹೂವಿನ ಬಣ್ಣದ್ದು ಒಂದ ಸೀರಿ ಚೀಲದಾಗ ಹಾಕೇನಿ, ಐದ ದಿವಸ ಆತು."

ಅಸ್ಮಾಳಿಗೆ ನಗು ಬಂತು. "ರೊಕ್ಕಾ ಕಟ್ಟಬೇಕಲ್ಲ ಅಮ್ಮಾ, ಸುಮ್ಮನ ಹಾಕಿಟ್ರ ಹೆಂಗ?"

"ಹೇಳಿದಷ್ಟು ಕಟ್ಟಿ ಬರಾಕ ನನಗೇನ ಹುಚ್ಚ ಹಿಡದೈತೇನ? ಇಟ್ಟು ಎದ್ದು ಬಂದೇನಿ. ಕರೀಲಿ ಅಂತ ಕುಂತೇನಿ." ಫಕೀರಬಿ ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. "ಎದ್ದ ಹೋಗೋ ಹೆಣಮಗಳನ್ನ ಒಂದ ಮಾತ ಕರ್ಯಾಂಗಿಲ್ಲಂದ್ರ ಅದೆಂಥಾ ಅಂಗಡಿ? ಮರ್ಯಾದಿ ಐತೇನ ಅವರಿಗೆ?"

ಅಸ್ಮಾಳ ನಗು ಅಲ್ಲಿಗೇ ನಿಂತಿತು. ಗದಗಿನ ಬಜಾರದಲ್ಲಿ ಅವಳೂ ಬೆಳೆದವಳೇ. ಸೀರೆ ಮೆಚ್ಚುವುದು, ಬೆಲೆ ಕೇಳಿ ಹೌಹಾರುವುದು, "ಬ್ಯಾಡ ಬಿಡ್ರಿ" ಎಂದು ಏಳುವುದು, ಹೊಸ್ತಿಲ ಬಳಿ ಚಪ್ಪಲಿ ಹುಡುಕುತ್ತ ತಡಮಾಡುವುದು, ಅಷ್ಟರಲ್ಲಿ ಒಳಗಿನಿಂದ "ಬರ್ರಿ ಅಕ್ಕಾರ, ಕುಂಡ್ರಿ, ನೀವ ಒಂದ ಹೇಳ್ರಿ" ಎಂಬ ಕೂಗು. ಆ ಕೂಗು ಬಾರದೆ ಈ ಸೀಮೆಯಲ್ಲಿ ಯಾವ ಹೆಂಗಸು ಸೀರೆ ಕೊಂಡಿದ್ದಾಳೆ? ಎದ್ದು ಹೋದರೆಂದು ಅಸ್ಮಾ ಬರೆದಿಟ್ಟಿದ್ದ ಅಷ್ಟೂ ಮಂದಿ ಹೋಗಿರಲಿಲ್ಲ. ನಿಂತಿದ್ದರು. ಅವಳಿಗೆ ತನ್ನ ವರದಿಯ ಸಾಲು ನೆನಪಾಗಿ ನಾಚಿಕೆಯಾಯಿತು.

ಹೀಗೆ ಎದ್ದು ಹೋದವರನ್ನು ಕರೆದು ಬೆಲೆ ಸ್ವಲ್ಪ ಇಳಿಸಿ ಕೊಡಲು ಸಿದ್ದಲಿಂಗೇಶನನ್ನು ಒಪ್ಪಿಸಲು ಅವಳು ಮೂರು ಸಲ ಫೋನು ಮಾಡಬೇಕಾಯಿತು. "ಹೆಂಗೂ ಈ ತಿಂಗಳ ಒಂದ ಉಳದೈತಿ, ಮಾಡ್ರಿ" ಎಂದ ಕೊನೆಗೆ. ಮರುದಿನ ಹತ್ತಕ್ಕೆ ಅಸ್ಮಾ ಮುಂಡರಗಿಯ ಲಿಂಕಿನಿಂದ ಬಂದವರ ಪಟ್ಟಿ ತೆಗೆದು ಮೊದಲ ನಂಬರಿಗೆ ಫೋನು ಹಚ್ಚಿದಳು. ಡಂಬಳದ ಸುಮಿತ್ರವ್ವ ಎಂಬುವರು ಎತ್ತಿದರು.

"ಅಕ್ಕಾರ, ನೀವು ಒಂದ ಹಸರ ಸೀರಿ ನೋಡಿ ಇಟ್ಟ ಹೋಗಿದ್ರಲ್ಲ..."

"ಈಗ ನೆಪ್ಪಾತೇನ್ರಿ ನಮ್ಮದು?" ಸುಮಿತ್ರವ್ವನ ದನಿಯಲ್ಲಿ ಸಿಟ್ಟಿತ್ತು, ಆದರೆ ಫೋನು ಇಡಲಿಲ್ಲ. "ಹದಿನೈದ ದಿನಾ ಆತು. ಭಾಳ ದೊಡ್ಡ ಅಂಗಡಿ ಇರಬೇಕು, ನಮ್ಮಂಥವರನ್ನ ಯಾಕ ಕರದಾರು ಅನ್ಕೊಂಡಿದ್ನಿ. ಹೇಳ್ರಿ, ಎಷ್ಟಕ್ಕ ಕೊಡ್ತೀರಿ?"

ಕಾಲು ಗಂಟೆ ಹಗ್ಗಜಗ್ಗಾಟವಾಯಿತು. ನಡುವೆ ಸುಮಿತ್ರವ್ವನ ಸೊಸೆಯ ಬಾಣಂತನ, ಮಳೆ, ಅಸ್ಮಾಳ ತವರುಮನೆ ಎಲ್ಲ ಬಂದು ಹೋದವು. ಸೀರೆ ಹೋಯಿತು. ಎಲ್ಲರೂ ಹಾಗೇ ಕೊಂಡರೆಂದಲ್ಲ. ಶಿರಹಟ್ಟಿಯಲ್ಲಿ ಒಬ್ಬಳು ಬೇರೆ ಕಡೆ ತೆಗೆದುಕೊಂಡಾಗಿತ್ತು, ಲಕ್ಷ್ಮೇಶ್ವರದ ಒಬ್ಬಾಕೆ ಬೈದು ಫೋನಿಟ್ಟಳು. ಫಕೀರಬಿ ಮಾತ್ರ ಪಕ್ಕದ ಪಡಸಾಲೆಯಲ್ಲಿ ಕೂತೇ ರಫೀಕನ ಫೋನಿನಲ್ಲಿ ಸೊಸೆಯ ಜೊತೆ ಶಿಸ್ತಾಗಿ ಚೌಕಾಸಿ ಮಾಡಿ ಗೆದ್ದಳು. ತಿಂಗಳ ಕೊನೆಗೆ ನಾಲ್ಕೂ ಬಾಗಿಲಲ್ಲಿ ಮಾರಾಟ ಕಂಡಿತ್ತು. ಮುಂಡರಗಿಯದು ಪುಣೆಯನ್ನೇ ಹಿಂದೆ ಹಾಕಿತ್ತು.

ಆ ವರದಿಯನ್ನು ಅಸ್ಮಾ ಕಾಗದದ ಮೇಲೆ ತೆಗೆದುಕೊಂಡು ತಾನೇ ಅಂಗಡಿಗೆ ಹೋದಳು. ಸಿದ್ದಲಿಂಗೇಶ ಓದಿ ಖುಷಿಪಟ್ಟ. "ಛಲೋ ಆತ್ರಿ. ಜಾಹೀರಾತು ನಡೀಲಿ. ಫೋನ್ ಮಾಡೂ ಕೆಲಸಾ ಇಲ್ಲೆ ಅಂಗಡ್ಯಾಗಿನವರ ಮಾಡ್ತಾರ. ಲಿಂಕಿಂದು ಬೆಂಗಳೂರಿನವರು ಎಲ್ಲಾ ಕೂಡಿಸಿ ನೋಡ್ಕೋತೀವಿ ಅಂದಾರ. ನಿಮಗೂ ಮನಿ ಕೆಲಸ ಇರ್ತಾವಲ್ಲ."

ದಾರಿ ತೋರಿಸಿಕೊಟ್ಟವಳಿಗೇ ಮನೆಯ ದಾರಿ ತೋರಿಸಿದ್ದ. ಅಸ್ಮಾ "ಆತ್ರಿ" ಎಂದು ಎದ್ದಳು. ಅವಳು ಚೌಕಾಸಿಗೆ ಎದ್ದವಳಲ್ಲ, ನಿಜವಾಗಿ ಹೊರಟವಳು. ಆದರೆ ಹೊಸ್ತಿಲ ಬಳಿ ಕಣ್ಣು ತುಂಬಿ ಚಪ್ಪಲಿ ಯಾವುದು ತನ್ನದೆಂದು ಕಾಣದೆ ಹೋಯಿತು. ತಡವಾಯಿತು.

"ಅಸ್ಮವ್ವಾ, ಬಾ ಇಲ್ಲೆ." ಗಾದಿಯ ಮೇಲೆ ಕೂತಿದ್ದ ಚನ್ನಬಸವಣ್ಣ ಕರೆದರು.

"ಅಪ್ಪಾ, ಅವರು ಹೊಂಟಾರಲ್ಲ, ಹೋಗಲಿ ಬಿಡು" ಎಂದ ಮಗ.

"ಫೋನ್ ಯಾರ ಬೇಕಾದ್ರೂ ಮಾಡ್ತಾರಲೇ. ಆ ಮಂದಿ ಕಾಯ್ಕೋತ ನಿಂತಾರ ಅನ್ನೂದು ನಿನಗ ಗೊತ್ತಾಗಿತ್ತೇನ? ಬೆಂಗಳೂರಿನವರಿಗೆ ಗೊತ್ತಾಗಿತ್ತೇನ?" ಅವರು ಅಸ್ಮಾಳ ಕಡೆ ತಿರುಗಿದರು. "ಹೇಳವಾ, ಎಷ್ಟಕ್ಕ ಮಾಡ್ತಿ?"

ಅಸ್ಮಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊದಲು ಸಿಗುತ್ತಿದ್ದ ಪಗಾರಕ್ಕಿಂತ ಹೆಚ್ಚೇ ಹೇಳಿದಳು. ಸಿದ್ದಲಿಂಗೇಶ "ಭಾಳ ಆತ್ರಿ ಅದು" ಎಂದ. ಅವಳು ಹೊಸ್ತಿಲ ಕಡೆ ತಿರುಗಿದಳು. ಕಣ್ಣು ಈಗ ತಿಳಿಯಾಗಿತ್ತು. ತನ್ನ ಚಪ್ಪಲಿ ಗುರುತಿಸಿ ಒಂದನ್ನು ಮೆಟ್ಟಿದಳು, ಇನ್ನೊಂದನ್ನು ಮೆಟ್ಟಲು ಸಾವಕಾಶ ಬಗ್ಗಿದಳು.