ಹನ್ನೆರಡರ ಆಚೆಯ ಶುಕ್ರವಾರ

ನನ್ನ ಗಂಡನ ಲೆಕ್ಕದಲ್ಲಿ ದಿನ ಮುಗಿಯುತ್ತಿದ್ದದ್ದು ಬೆಳಗ್ಗೆ, ಅವರು ಬಾವಿಕಟ್ಟೆಯಲ್ಲಿ ಮುಖ ತೊಳೆದು ಒರೆಸಿಕೊಂಡಾಗ. ಹೊನ್ನಾವರದ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಅವರು ಪ್ರಾಯವೆಲ್ಲ ರಾತ್ರಿ ಪಾಳಿ ಮಾಡಿದವರು. ಬೋಟುಗಳು ಬೆಳಗಿನ ಜಾವ ಹೊರಡುವ ಮೊದಲು ಐಸ್ ತುಂಬಿಕೊಳ್ಳಬೇಕು. ಹಾಗಾಗಿ ಕೆಲಸವೆಲ್ಲ ಊರು ಮಲಗಿದ ಮೇಲೆಯೇ. ಶುಕ್ರವಾರ ಸಂಜೆ ಒಳಗೆ ಹೋದವರ ಹಾಜರಿ ಶುಕ್ರವಾರದ್ದು. ನಡುವೆ ಗಡಿಯಾರ ಏನೇ ಹೇಳಲಿ, ಶನಿವಾರ ಶುರುವಾಗುವುದು ಹೊರಗೆ ಬಂದು ಬೆಳಕು ಕಂಡ ಮೇಲೆ. ನಮ್ಮ ಮನೆಯಲ್ಲೂ ಅದೇ ರೂಢಿ. ನಡುರಾತ್ರಿ ಕಳೆದು ಮಗಳಿಗೆ ಜ್ವರ ಬಂದರೂ "ನಿನ್ನೆ ರಾತ್ರಿ ಜ್ವರ ಬಂತು" ಎಂದೇ ಹೇಳುತ್ತಿದ್ದೆವು. ಬೇರೆ ರೀತಿ ಹೇಳುವವರನ್ನು, ರೈಲ್ವೆಯವರನ್ನು ಬಿಟ್ಟರೆ, ನಾನು ಕಂಡದ್ದಿಲ್ಲ.

ಅವರು ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ ಮುಂಬೈಗೆ ಹೋಗುವ ಮಾತು ಎದ್ದಿತು. ಅಲ್ಲಿ ಅವರ ಅಕ್ಕ ಇದ್ದರು. ಅತ್ತೆ ಬೇಗ ತೀರಿಕೊಂಡದ್ದರಿಂದ ನನ್ನ ಗಂಡನನ್ನು ಎತ್ತಿ ಬೆಳೆಸಿದವರು ಆ ಅಕ್ಕನೇ. ಮದುವೆಗೆ ಮೊದಲು ಇವರು ಮುಂಬೈಯ ಅಕ್ಕನ ಮನೆಯಲ್ಲಿ ಎರಡು ವರ್ಷ ಇದ್ದು ಹಿಂದಿ ಕಲಿತು ಬಂದಿದ್ದರು. ಈಗ ಅಕ್ಕ ಹಾಸಿಗೆ ಹಿಡಿದಿದ್ದರು. ಫೋನಿನಲ್ಲಿ ಒಂದೇ ಮಾತು.

"ತಮ್ಮಾ, ಒಂದ್ಸಲ ಬಂದು ಮೋರೆ ತೋರ್ಸಿ ಹೋಗಾ. ಬರುವಾಗ ಒಣ ಬಂಗಡೆ ಮರೀಬೇಡ."

"ಮೋರೆ ಬೇಕಾ, ಬಂಗಡೆ ಬೇಕಾ?" ಎಂದು ಇವರು ಕೇಳುವರು.

"ಬಂಗಡೆ ತಂದವನ ಮೋರೆ ಬೇಕು."

ಟಿಕೆಟನ್ನು ಫೋನಿನಲ್ಲಿ ತಾವೇ ತೆಗೆಯುತ್ತೇನೆ ಎಂದು ಹಟ ಹಿಡಿದರು. ಪೇಟೆಯಲ್ಲಿ ಯಾರಾದರೂ ತೆಗೆದುಕೊಡುತ್ತಾರೆ ಎಂದರೆ ಕೇಳಲಿಲ್ಲ. ಮೂರ್ನಾಲ್ಕು ಸಂಜೆ ಜಗಲಿಯಲ್ಲಿ ಕುಳಿತು ಫೋನ್ ತಿಕ್ಕಿ ತಿಕ್ಕಿ, ಕೊನೆಗೆ ಒಂದು ದಿನ ಒಳಗೆ ಓಡಿಬಂದರು.

"ಆತು! ಶುಕ್ರವಾರ ರಾತ್ರಿ ಗಾಡಿ. ಹನ್ನೆರಡು ಹೊಡೆದು ಐದು ನಿಮಿಷಕ್ಕೆ. ಎರಡೂ ಕೆಳಗಿನ ಸೀಟು, ನೋಡು."

ನಾನು ನೋಡಿದೆ. ಶುಕ್ರವಾರದ ತಾರೀಖೇ ಇತ್ತು. ನನಗೂ ಏನೂ ತಪ್ಪು ಕಾಣಲಿಲ್ಲ. ಇದನ್ನು ಈಗ ಬರೆಯುತ್ತಿದ್ದೇನೆ. ಆಗ ಯಾರ ಮುಂದೆಯೂ ಹೇಳಲಿಲ್ಲ.

ಶುಕ್ರವಾರ ರಾತ್ರಿ ಹತ್ತೂವರೆಗೇ ಹೊನ್ನಾವರದ ಸ್ಟೇಶನ್ನಿನಲ್ಲಿ ಕುಳಿತಿದ್ದೆವು. ಫ್ಲಾಟ್‌ಫಾರಂ ಮೇಲೆ ಹೆಚ್ಚು ಜನರಿರಲಿಲ್ಲ. ಒಣ ಬಂಗಡೆಯನ್ನು ಮೊದಲು ಪೇಪರಿನಲ್ಲಿ, ಆಮೇಲೆ ಪ್ಲಾಸ್ಟಿಕ್ಕಿನಲ್ಲಿ, ಅದರ ಮೇಲೆ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಿದ್ದೆ. ನಮ್ಮ ಊಟಕ್ಕೆ ದೋಸೆ, ಚಟ್ನಿ ಬೇರೆ ಡಬ್ಬಿಯಲ್ಲಿ.

"ವಾಸನೆ ಬಂದ್ರೆ ಗಾಡಿಂದ ಇಳಸ್ತ್ರು, ನೋಡಿ" ಎಂದೆ.

"ಇಳಸ್ಲಿ. ನೀನು ಮೀನು ಹಿಡ್ಕಂಡು ಇಳಿ. ನಾನು ಅಕ್ಕನ ಮನೆಗೆ ಹೋಗಿ ಬತ್ತೆ."

"ಮೀನಿಲ್ದೆ ಹೋದ್ರೆ ಬಾಗ್ಲು ತೆಗೀತ್ರಾ?"

"ಅದೂ ಹೌದು. ಹಾಗಾದ್ರೆ ನೀನೇ ಹೋಗು, ನಾನು ಇಳೀತೆ."

ನಗುವುದು, ಮತ್ತೆ ಫೋನ್ ನೋಡುವುದು. ಗಾಡಿಗೆ ಎಷ್ಟು ಹೊತ್ತಿದೆ ಎಂದು ಅವರು ಹೇಳುತ್ತಿರಲಿಲ್ಲ, ಹನ್ನೆರಡಕ್ಕೆ ಎಷ್ಟಿದೆ ಎಂದು ಹೇಳುತ್ತಿದ್ದರು. ಹನ್ನೆರಡು ಹೊಡೆದರೆ ಗಾಡಿ ಬಂದಂತೆಯೇ ಎಂಬುದು ಅವರ ಲೆಕ್ಕ. "ಇನ್ನೊಂದು ತಾಸು." "ಇನ್ನು ಮುಕ್ಕಾಲು ತಾಸು." "ಇನ್ನು ಅರ್ಧ." ನನಗೆ ತೂಕಡಿಕೆ ಬರುತ್ತಿತ್ತು.

"ಅದೆಂತಕ್ಕೆ ಗಳಿಗೆಗೊಂದ್ಸಲ ಕೂಗ್ತ್ರಿ? ಬೋಟಿಗೆ ಐಸ್ ತುಂಬುದದ್ಯಾ?"

"ನಿದ್ದೆ ಮಾಡಿ ಗಾಡಿ ತಪ್ಸಬೇಡ ಅಂತ."

ಹತ್ತು ನಿಮಿಷ ಎಂದರು, ಐದು ಎಂದರು, ಒಂದು ಎಂದರು. ಆಮೇಲೆ ಹನ್ನೆರಡಾಯಿತು. ಅದನ್ನು ಮಾತ್ರ ಹೇಳಲಿಲ್ಲ. ಫೋನಿನ ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು. ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಟಿಕೆಟ್ ತೆರೆದು ನೋಡಿದರು, ಮುಚ್ಚಿ ಕಿಸೆಗೆ ಹಾಕಿದರು.

"ಊಟ ಬಿಚ್ಚು. ಇಲ್ಲೇ ಉಣ್ವ."

"ಗಾಡಿ ಬರೂ ಹೊತ್ತಿಗೆ ಎಂತಾ ಊಟ? ಗಾಡಿಯಲ್ಲಿ ಕಿಟಕಿ ಹತ್ರ ಕುಂತು ಉಣ್ವ ಅಂತ ನೀವೇ ಹೇಳದ್ದಲ್ದಾ?"

"ಹೌದು. ನಾನೇ ಹೇಳದ್ದು."

ಗಾಡಿ ಬಂತು. ನಮ್ಮ ಬೋಗಿಯ ಬಾಗಿಲಲ್ಲೇ ಕರಿ ಕೋಟಿನ ಟೀಸಿ ನಿಂತಿದ್ದರು. ಇವರು ಫೋನ್ ತೋರಿಸಿದರು. ಅವರು ಒಮ್ಮೆ ನೋಡಿ, "ಯೇ ತೋ ಕಲ್ ಕಾ ಹೈ" ಎಂದರು.

ನನಗೆ ಹಿಂದಿ ಬರುವುದು ಅಷ್ಟಕ್ಕಷ್ಟೆ. ಮಗಳನ್ನು ಭಟ್ಕಳಕ್ಕೆ ಕೊಟ್ಟಿದ್ದೇವೆ. ಅಲ್ಲಿ ಅವಳ ನೆರೆಮನೆಯವರು ನಾನು ಊರಿಗೆ ಹೊರಟಾಗಲೆಲ್ಲ "ಕಲ್ ಜಾವ್, ಕಲ್ ಜಾವ್" ಎಂದು ತಡೆಯುತ್ತಾರೆ. ಕಲ್ ಎಂದರೆ ನಾಳೆ ಎಂದು ನಾನು ಕಲಿತದ್ದು ಹಾಗೆ. ನನಗೆ ಜೀವ ಬಂದಂತಾಯಿತು.

"ನಾಳೆದಂತೆ! ಒಂದು ದಿನ ಮುಂಚೆ ಬಂದ್ವಿ, ಅಷ್ಟೇ. ನಾಳೆ ಬಂದ್ರೆ ಆತು."

"ನಾಳೆದಲ್ಲ ಮಾರಾಯ್ತಿ" ಎಂದರು ಇವರು. "ನಿನ್ನೇದು. ಅವ್ರಲ್ಲಿ ಎರಡಕ್ಕೂ ಒಂದೇ ಶಬ್ದ."

ಶುಕ್ರವಾರದ ಹನ್ನೆರಡೂ ಐದರ ಗಾಡಿ ನಾವು ಗುರುವಾರ ರಾತ್ರಿ ಎನ್ನುವ ಹೊತ್ತಿನಲ್ಲೇ ಹೋಗಿಬಿಟ್ಟಿತ್ತು. ನಾವು ಮನೆಯಲ್ಲಿ ಗಡದ್ದಾಗಿ ಮಲಗಿದ್ದೆವು.

"ಜನರಲ್ ಡಬ್ಬಿ ಹತ್ವನಾ?" ಎಂದು ಇವರು ಅವಸರದಲ್ಲಿ ಕೇಳಿದರು. "ದಂಡ ಹಾಕಿದ್ರೆ ಕಟ್ವ. ಅಕ್ಕ ಕಾಯ್ತಾ ಇರ್ತಾಳೆ."

"ರಾತ್ರಿಯಿಡೀ ನಿಂತ್ಕಂಡಾ? ನನ್ನ ಹತ್ರ ಆಗೂದಿಲ್ಲ. ನೀವೇ ಹೋಗಿ ಬೇಕಾದ್ರೆ."

ಅವರು ಹೋಗಲಿಲ್ಲ. ಗಾಡಿ ಹೋಯಿತು. ಆ ಹೊತ್ತಿಗೆ ರಿಕ್ಷಾ ಇರಲಿಲ್ಲ. ಬೆಳಗಿನವರೆಗೆ ಅದೇ ಬೆಂಚಿನ ಮೇಲೆ ಕಳೆದೆವು. ನಾನು ಚೀಲದ ಮೇಲೆ ತಲೆಯಿಟ್ಟು ಮಲಗಿದೆ. ಅವರು ಕುಳಿತೇ ಇದ್ದರು. "ಮಲ್ಗಿ" ಎಂದರೆ, "ನಂಗೆ ಇದೂ ಒಂದು ಪಾಳಿ" ಎಂದರು. ನಾನು ಸಿಟ್ಟಿನಲ್ಲಿದ್ದೆ, ನಗಲಿಲ್ಲ. ಊಟದ ಡಬ್ಬಿ ಬಿಚ್ಚಲೂ ಇಲ್ಲ. ಬೆಳಗ್ಗೆ ತೆರೆದರೆ ಚಟ್ನಿ ಹಳಸಿತ್ತು. ಬಂಗಡೆಯನ್ನು ಆ ಬೇಸಗೆಯಲ್ಲಿ ನಾವೇ ತಿಂದು ಮುಗಿಸಿದೆವು.

ಇಷ್ಟರಲ್ಲಿ ಮುಗಿದಿದ್ದರೆ ಬರೆಯಬೇಕಾದದ್ದು ಏನೂ ಇರಲಿಲ್ಲ. ಮನೆಗೆ ಬಂದವಳೇ ನಾನು ಮಗಳಿಗೆ ಫೋನ್ ಮಾಡಿ ಹೇಳಿದೆ. ಆಮೇಲೆ ಪಕ್ಕದ ಮನೆಗೆ. ಆಮೇಲೆ ಕುಮಟೆಯ ನನ್ನ ತವರಿನಲ್ಲಿ, ಒಂದು ಸೀಮಂತದ ಊಟದ ಪಂಕ್ತಿಯಲ್ಲಿ. ನಾನು ಹೇಳಿದರೆ ಜನ ನಗುತ್ತಾರೆ, ಅದು ನನಗೆ ಗೊತ್ತು. ಅವರು ಫೋನ್ ಹತ್ತಿರ ಹಿಡಿದದ್ದು, ದೂರ ಹಿಡಿದದ್ದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅಂದಿನಿಂದ ನನ್ನ ತಮ್ಮ ಅವರನ್ನು ಕಂಡಾಗಲೆಲ್ಲ "ನಿನ್ನೆ ಟಿಕೇಟಿನ ಭಾವ ಬಂದ್ರು, ಮಣೆ ಹಾಕಿ" ಎನ್ನುವನು. ಅವರೂ ನಗುವರು. ಕಲ್ ಎಂದರೆ ನಾಳೆ ಎಂದು ನಾನು ಹಿಗ್ಗಿದ್ದನ್ನು ಮಾತ್ರ ನಾನು ಕಥೆಯಲ್ಲಿ ಸೇರಿಸುತ್ತಿರಲಿಲ್ಲ. ಪಕ್ಕದಲ್ಲೇ ಕುಳಿತಿದ್ದರೂ ಅವರು ಒಮ್ಮೆಯೂ ಅದನ್ನು ಎತ್ತಲಿಲ್ಲ. ಎತ್ತಿದ್ದರೆ ನಗು ಅರ್ಧ ನನ್ನ ಪಾಲಿಗೂ ಬರುತ್ತಿತ್ತು.

ತಿಂಗಳು ಕಳೆದ ಮೇಲೆ ಒಂದು ಸಂಜೆ ಜಗಲಿಯಿಂದ ಕೇಳಿದರು, "ಮತ್ತೊಂದು ಟಿಕೇಟ್ ತೆಗೀಲಾ?"

ನಾನು ಒಳಗೆ ಮೀನು ಕೊಯ್ಯುತ್ತಿದ್ದೆ. "ಈ ಸಲ ಯಾವ ನಿನ್ನೆಗೆ ತೆಗೀತ್ರಿ?" ಎಂದೆ.

ಹೊರಗಿನಿಂದ ನಗು ಕೇಳಿಸಿತು. ಮತ್ತೆ ಅವರು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಸುದ್ದಿ ಬಂದ ದಿನ ಅವರು ಟಿಕೆಟಿನ ಹೆಸರು ತೆಗೆಯಲಿಲ್ಲ, ನನ್ನ ಮೇಲೆ ಒಂದು ಮಾತೂ ಹೇಳಲಿಲ್ಲ. "ಬಂಗಡೆ ಕೇಳಿದ್ಲು" ಎಂದಷ್ಟೇ ಹೇಳಿ ಬಾವಿಯ ಕಡೆ ಹೋದರು.

ಕಳೆದ ವರ್ಷ ಅವರನ್ನು ಕುಮಟೆಯ ಆಸ್ಪತ್ರೆಗೆ ಸೇರಿಸಿದೆವು. ಎದೆಯ ತೊಂದರೆ. ಮಗಳು ಭಟ್ಕಳದಿಂದ ಬಂದಿದ್ದಳು. ಬುಧವಾರ ಸಂಜೆ ಡಾಕ್ಟರು ನೋಡಿ, "ಇದೊಂದು ರಾತ್ರಿ ಕಳೀಲಿ" ಎಂದರು. ಇವರ ಕಣ್ಣು ಮುಚ್ಚಿತ್ತು. ಮಗಳು ಎದುರಿನ ಗೋಡೆಯ ಗಡಿಯಾರ ನೋಡುತ್ತ ಕುಳಿತಳು. "ಹನ್ನೆರಡಕ್ಕೆ ಇನ್ನು ಅರ್ಧ ತಾಸು, ಆಯಿ." "ಇನ್ನು ಹತ್ತು ನಿಮಿಷ." ಅಪ್ಪನಂತೆಯೇ ಹೇಳುತ್ತಿದ್ದಳು, ಅವಳಿಗೆ ಅದು ಗೊತ್ತಿರಲಿಲ್ಲ. ಹನ್ನೆರಡಾದಾಗ ನನ್ನ ಕೈ ಒತ್ತಿದಳು.

"ದಿನ ಬದಲಾತು, ಆಯಿ. ಇನ್ನು ಹೆದರಿಕೆ ಇಲ್ಲ."

ನಾನೂ ನಂಬಿದೆ. ಎರಡು ದಿನದಿಂದ ನಿದ್ದೆಯಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಕಾಲು ಚಾಚುತ್ತೇನೆಂದು ಎದ್ದು ಹೋದೆ. ಒಂದು ತಾಸೂ ಆಗಿರಲಿಲ್ಲ, ಮಗಳು ಬಂದು ಎಬ್ಬಿಸಿದಳು. ಇಷ್ಟು ವರ್ಷ ರಾತ್ರಿ ಪಾಳಿಯವನ ಜೊತೆ ಬಾಳಿದವಳು ನಾನು. ರಾತ್ರಿ ಕಳೆಯುವುದು ಬೆಳಗಿಗೇ ಹೊರತು ಹನ್ನೆರಡಕ್ಕಲ್ಲ ಎಂಬುದು ನನಗಲ್ಲದೆ ಯಾರಿಗೆ ಗೊತ್ತಿರಬೇಕು? ಅವರಾಗಿದ್ದರೆ ಬೆಂಚಿನ ಮೇಲೆ ಕುಳಿತೇ ಇರುತ್ತಿದ್ದರು.

ಸಾವನ್ನು ಬರೆಸುವ ಕೌಂಟರಿನಲ್ಲಿ ಒಬ್ಬ ಗುಮಾಸ್ತರು ಕೇಳಿದರು, "ಯಾವತ್ತು ಹೋದ್ರು, ಅಮ್ಮಾ?"

"ಬುಧವಾರ ರಾತ್ರಿ."

ಅವರು ಆಸ್ಪತ್ರೆಯ ಕಾಗದ ನೋಡಿ ಮೆತ್ತಗೆ ಹೇಳಿದರು, "ಹನ್ನೆರಡು ದಾಟಿದೆಯಲ್ಲ, ಗುರುವಾರ ಆಗ್ತದೆ."

"ಇಲ್ಲ, ಬುಧವಾರ ರಾತ್ರಿಯೇ. ನಾನು ಅಲ್ಲೇ ಇದ್ದೆ" ಎಂದೆ. ಅಲ್ಲಿ ಇರಲಿಲ್ಲ ಎಂಬುದು ಮಾತು ಹೊರಬಿದ್ದ ಮೇಲೆ ನೆನಪಾಯಿತು. ಮಗಳು ನನ್ನ ಹೆಗಲು ಹಿಡಿದಳು. "ಆಯಿ, ನೀನೂ ನಿನ್ನೆ ಟಿಕೇಟ್ ತೆಗ್ದೆ ಅಲ್ದಾ" ಎಂದಳು. ನಗಲು ಹೋದವಳು ಸೆರಗು ಬಾಯಿಗೆ ಒತ್ತಿಕೊಂಡಳು. ಗುಮಾಸ್ತರಿಗೆ ಏನೂ ತಿಳಿಯಲಿಲ್ಲ. ಗುರುವಾರ ಎಂದೇ ಬರೆದರು.

ಅಂದಿನಿಂದ ನನ್ನನ್ನು ಕಾಡುವುದು ಆ ಸ್ಟೇಶನ್ನಿನ ಐದು ನಿಮಿಷ. ಹನ್ನೆರಡಕ್ಕೆ ಫೋನಿನಲ್ಲಿ ತಾರೀಖು ಬದಲಾದಾಗಲೇ ಅವರಿಗೆ ಗೊತ್ತಾಗಿತ್ತು. ಆಗಲೇ ಹೇಳಿದ್ದರೆ ಬೇರೆ ಏನಾದರೂ ಯೋಚಿಸಬಹುದಿತ್ತು, ಇಬ್ಬರೂ ಕೂಡಿ ನಗಬಹುದಿತ್ತು. ಹೇಳಲಿಲ್ಲ. ಒಂದು ಗಳಿಗೆಯಾದರೂ ನಾನು ಖುಷಿಯಲ್ಲಿರಲಿ ಎಂದು ಸುಮ್ಮನಿದ್ದರು ಎಂದುಕೊಂಡರೆ ನನಗೆ ಹಗುರವಾಗುತ್ತದೆ. ಆದರೆ ಹಾಗಿರಲಿಕ್ಕಿಲ್ಲ. ನನ್ನ ಬಾಯಿಗೆ ಹೆದರಿದ್ದರು ಎಂದೇ ನನಗೆ ಕಾಣುತ್ತದೆ. ಹೆದರಿದ್ದು ತಪ್ಪೂ ಅಲ್ಲ, ಆಮೇಲೆ ನಾನು ಮಾಡಿದ್ದೇ ಅದನ್ನು.

ಮೊನ್ನೆ ಭಟ್ಕಳದಿಂದ ಮಗಳ ಫೋನ್ ಬಂದಿತ್ತು. ವರ್ಷಾಂತಿಕಕ್ಕೆ ಯಾರ್ಯಾರನ್ನು ಕರೆಯುವುದು ಎಂದು ಕೇಳಿದಳು. ಕುಮಟೆಯ ಮಾವ, ಅಂದರೆ ನನ್ನ ತಮ್ಮ, ಬಂದರೆ ಆ ಟಿಕೆಟಿನ ಮಾತು ಬಂದೇ ಬರುತ್ತದೆ, ಬೇಡವೆನ್ನಲೇ ಎಂದಳು. ಬರಲಿ ಎಂದೆ. ಈ ಸಲ ಕಥೆಯನ್ನು ಪೂರ್ತಿ ಹೇಳುತ್ತೇನೆ, ನನ್ನ "ನಾಳೆ"ಯನ್ನೂ ಸೇರಿಸಿ. ಜನ ನಗಲಿ. ಮುಂದೆ ಹೇಳಬೇಕಾದ ಒಂದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಅವರು ಊಟ ಬಿಚ್ಚು ಎಂದಾಗ ಬಿಚ್ಚಬೇಕಿತ್ತು. ಚಟ್ನಿ ಆಗಿನ್ನೂ ಚೆನ್ನಾಗಿತ್ತು.