ಫಾರಂನ ಹಿಂಬದಿ

ಮಾಟುಂಗದಲ್ಲಿ ನಮ್ಮದೊಂದು ವಧೂವರ ಮಾಹಿತಿ ಕೇಂದ್ರವಿತ್ತು. ಕೇಂದ್ರ ಎಂದರೆ ದೊಡ್ಡದೇನಲ್ಲ. ನಾವಿದ್ದ ಎರಡು ಕೋಣೆಯ ಮನೆಯಲ್ಲಿ ಮುಂದಿನ ಕೋಣೆ, ಒಂದು ಮೇಜು, ನಾಲ್ಕು ಕುರ್ಚಿ, ಬೀಗವಿದ್ದ ಒಂದು ಕಬ್ಬಿಣದ ಕಪಾಟು. ನನ್ನ ಯಜಮಾನರು ನಿವೃತ್ತರಾದ ಮೇಲೆ ಶುರು ಮಾಡಿದ್ದು. ಮೈಸೂರು, ಬೆಂಗಳೂರು ಕಡೆಯಿಂದ ಬಂದು ಮುಂಬಯಿಯಲ್ಲಿ ನೌಕರಿ ಹಿಡಿದವರು ಭಾನುವಾರಗಳಲ್ಲಿ ಲೋಕಲ್ ಹಿಡಿದು ಬರುತ್ತಿದ್ದರು.

ಬಂದವರ ಕೈಗೆ ಇವರು ಫಾರಂ ಕೊಡುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು, ಕೇಳಿ ಕೇಳಿ, ತಾವೇ ಶಾಯಿಯಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದಿನ ಪುಟದಲ್ಲಿ ಗೋತ್ರ, ನಕ್ಷತ್ರ, ಓದು, ಕೆಲಸ, ಕೆಳಗೆ ಜಾತಕದ ಕುಂಡಲಿ. ಅಷ್ಟಾದ ಮೇಲೆ ಜನ ದನಿ ತಗ್ಗಿಸಿ ಇನ್ನೇನೋ ಹೇಳುವುದಿತ್ತು. ಒಮ್ಮೆ ನಿಶ್ಚಯವಾಗಿ ಮುರಿದದ್ದು, ಮನೆ ಬಿಟ್ಟು ಹೋದ ಅಪ್ಪ, ಚಿಕ್ಕಂದಿನ ಕಾಯಿಲೆ. ಅದನ್ನು ಇವರು ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಯಾರಿಗೆ, ಯಾವಾಗ, ಯಾರು ಹೇಳಬೇಕು ಎಂಬುದನ್ನೂ ಸೇರಿಸಿ. ಮದುವೆ ಗೊತ್ತಾದರೆ ಅವರೆದುರಿಗೇ ರಬ್ಬರಿನಲ್ಲಿ ಅಳಿಸಿ, ಫಾರಂ ಮತ್ತು ಫೋಟೋ ವಾಪಸ್ ಕೊಡುತ್ತಿದ್ದರು.

ಗುಟ್ಟಿನ ವಿಷಯದಲ್ಲಿ ಅವರು ಅತಿಯೆನ್ನುವಷ್ಟು ಬಿಗಿ. ಪೋಸ್ಟ್ ಕಾರ್ಡ್ ಬರೆಯುವಂತಿಲ್ಲ, ಸಾಲುಮನೆಗಳ ಚಾಳಿನಲ್ಲಿ ಅದನ್ನು ಮನೆಯವರಿಗಿಂತ ಮೊದಲು ಬೇರೆಯವರೇ ಓದುತ್ತಾರೆ ಎಂದು. ಅಂಟಿಸಿ ಮುಚ್ಚುವ ಇನ್‌ಲ್ಯಾಂಡ್ ಲೆಟರೇ ಆಗಬೇಕು. ಫೋನು ಇದ್ದದ್ದು ಕೆಲವರ ಮನೆಯಲ್ಲಿ ಮಾತ್ರ. ಉಳಿದವರನ್ನು ಪಕ್ಕದ ಮನೆಯ ಫೋನಿಗೆ ಕರೆಸಬೇಕು. ಆಗೆಲ್ಲ ಇವರು ಮದುವೆಯ ಸುದ್ದಿ ಎತ್ತದೆ, "ಮಾಟುಂಗದಿಂದ ಪುಸ್ತಕದವರು ಮಾತಾಡ್ತಿರೋದು" ಎನ್ನುತ್ತಿದ್ದರು. ಒಂದು ಸಲ ಆ ಪಕ್ಕದ ಮನೆಯ ಹೆಂಗಸು ಕೇಳಿಯೇಬಿಟ್ಟರು: "ಎಷ್ಟು ಪುಸ್ತಕ ರೀ ಕಳಿಸ್ತೀರಿ? ಆ ಹುಡುಗಿ ಒಂದನ್ನೂ ಇಟ್ಕೊಳ್ಳಲ್ವಾ?" ಫೋನಿಟ್ಟು ಇವರು ನಕ್ಕ ನಗೆ ಈಗಲೂ ಕೇಳಿಸುತ್ತದೆ.

ಮಳೆ ಶುರುವಾದ ವಾರದಲ್ಲಿ ಅವರು ತೀರಿಕೊಂಡರು. ಎದೆನೋವು ಎಂದವರನ್ನು ಆಸ್ಪತ್ರೆಗೆ ಸೇರಿಸುವಷ್ಟೂ ಸಮಯ ಸಿಗಲಿಲ್ಲ. ಹದಿಮೂರನೆಯ ದಿನದ ಊಟ ಮುಗಿದು ನೆಂಟರು ಹೊರಟ ಮೇಲೆ ನಾನು ಕಪಾಟಿನ ಬೀಗದ ಕೈ ಸೆರಗಿಗೆ ಕಟ್ಟಿಕೊಂಡೆ. ಮುಂದಿನ ಭಾನುವಾರ ಬಾಗಿಲು ತೆರೆದು ಕುಳಿತೆ. ನನ್ನ ಓದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಆದರೆ ಹನ್ನೊಂದು ವರ್ಷ ಜಾತಕದ ನಕಲುಗಳನ್ನೆಲ್ಲ ಬರೆದದ್ದು ನಾನೇ. ಮೂಲ ಫಾರಂ ಮನೆಯ ಹೊಸಿಲು ದಾಟಕೂಡದೆಂಬುದು ನಮ್ಮ ಪದ್ಧತಿ. ಯಾರಾದರೂ ಪುರೋಹಿತರಿಗೆ ತೋರಿಸಬೇಕೆಂದರೆ ಬೇರೆ ಹಾಳೆಯಲ್ಲಿ ಕುಂಡಲಿ ಬರೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕೊಡುತ್ತಿದ್ದೆ.

ಆ ಭಾನುವಾರ ಮುಲುಂಡ್‌ನಿಂದ ಒಬ್ಬ ಹುಡುಗನ ತಾಯಿ ಬಂದರು. ಇವರಿದ್ದಾಗಲೇ ವಿಲೆ ಪಾರ್ಲೆಯ ಒಂದು ಹುಡುಗಿಯ ಫೋಟೋ ನೋಡಿ ಒಪ್ಪಿದ್ದರು. ಈಗ ಜಾತಕ ಬೇಕಿತ್ತು. ನಾನು ಹಾಳೆ ತೆಗೆದು ಗೆರೆ ಹಾಕತೊಡಗಿದೆ. ಅವರು ಕುರ್ಚಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿದರು.

"ತಪ್ಪು ತಿಳ್ಕೋಬೇಡಿ ಕಣ್ರೀ. ನೀವು ಬರೆಯೋದು ಬೇಡ. ಯಜಮಾನರೇ ಬರೆದಿದ್ದು ಇದೆಯಲ್ಲ, ಅದನ್ನೇ ಕೊಟ್ಬಿಡಿ. ಸಾಯಂಕಾಲದೊಳಗೆ ತಂದ್ಕೊಡ್ತೀನಿ."

"ಮೂಲ ಕೊಡೋ ಪದ್ಧತಿ ಇಲ್ಲ."

"ಶುಭಕಾರ್ಯ ನೋಡಿ. ನನಗೇನೂ ಇಲ್ಲಪ್ಪ, ನಮ್ಮತ್ತೆ ಇದಾರೆ ಮನೇಲಿ. ಅರಿಶಿನ ಯಾರು ಹಚ್ಚಿದ್ದು ಅಂತ ಮೊದಲು ಕೇಳ್ತಾರೆ."

ಅವರು ಕೆಟ್ಟವರಲ್ಲ. ಹೇಳುವಾಗ ಅವರ ಮುಖವೇ ಬಾಡಿತ್ತು. ನನ್ನ ಕೈಯಲ್ಲಿದ್ದ ಸ್ಕೇಲು ಹಾಗೇ ನಿಂತಿತು. ಇನ್ನೊಂದು ಮಾತು ಆಡಿದರೆ ಅತ್ತುಬಿಡುತ್ತೇನೆ ಎನ್ನಿಸಿತು. ಅವರೆದುರು ಅಳಬಾರದೆಂಬ ಒಂದೇ ಹಟಕ್ಕೆ, ಫಾರಂ ತೆಗೆದು ಕವರಿಗೆ ಹಾಕಿ ಕೊಟ್ಟುಬಿಟ್ಟೆ.

ಮಧ್ಯಾಹ್ನ ಕಪಾಟು ಮುಚ್ಚುವಾಗ ಫಾರಮುಗಳ ನಡುವೆ ಖಾಲಿ ಜಾಗ ಕಂಡಿತು. ಆಗ ನೆನಪಾಯಿತು, ಅದರ ಹಿಂದೆ ಪೆನ್ಸಿಲಿನ ಬರಹವಿತ್ತು. ಹುಡುಗಿಗೆ ಹದಿನೇಳನೆಯ ವಯಸ್ಸಿನಲ್ಲಿ ಕ್ಷಯವಾಗಿತ್ತು. ಪೂರ್ತಿ ವಾಸಿಯಾಗಿ ಒಂಬತ್ತು ವರ್ಷ ಕಳೆದಿತ್ತು. ಅದನ್ನು ಹೇಳಿದವಳು ಅವಳೇ, ಅಪ್ಪ ಅಮ್ಮ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರೂ. "ಮೊದಲನೇ ಸಲ ಕೂತು ಮಾತಾಡುವಾಗ ಹುಡುಗನಿಗೆ ನಾನೇ ಹೇಳ್ತೀನಿ ಅಂಕಲ್. ಅಲ್ಲೀವರೆಗೆ ಯಾರಿಗೂ ಗೊತ್ತಾಗಬಾರದು" ಎಂದಿದ್ದಳು. ಆಗಲಿ ಎಂದು ಮಾತು ಕೊಟ್ಟ ಇವರು ಅವಳ ಮಾತನ್ನೇ ಅಲ್ಲಿ ಬರೆದಿದ್ದರು. ಆ ಮಾತು ಈಗ ನನ್ನ ಪಾಲಿಗೆ ಬಂದಿತ್ತು, ನಾನು ಅದನ್ನು ಕವರಿನಲ್ಲಿ ಹಾಕಿ ಕಳಿಸಿದ್ದೆ.

ಊಟ ಬಿಟ್ಟು ಸ್ಟೇಷನ್ನಿಗೆ ಹೋದೆ. ಸಾವಾದ ಮನೆಯವಳು ಯಾರ ಮನೆಗೂ ಹೋಗಬಾರದ ತಿಂಗಳು ಅದು. ಮುಲುಂಡ್‌ನಲ್ಲಿ ಆ ಬಿಲ್ಡಿಂಗಿನ ಮೂರು ಮಹಡಿ ಹತ್ತಿ ಬೆಲ್ ಒತ್ತಿದೆ. ಬಾಗಿಲು ತೆಗೆದವರು ಆ ತಾಯಿಯೇ. ಒಳಗೆ ಅವರ ಯಜಮಾನರು ಪೇಪರ್ ಓದುತ್ತಿದ್ದರು.

"ಏನ್ರೀ ಇದು, ಹುಡುಗಿಗೆ ಕ್ಷಯ ಆಗಿತ್ತಂತೆ!" ಎಂದರು ಆಕೆ. "ಪುರೋಹಿತರು ತಿರುಗಿಸಿ ನೋಡಿದ್ದಕ್ಕೆ ಗೊತ್ತಾಯ್ತು. ನೀವು ಒಂದು ಮಾತು ಹೇಳಲಿಲ್ಲ."

"ಅದನ್ನ ಹೇಳೋ ಹಕ್ಕು ನನಗಿಲ್ಲ. ನಿಮ್ಮ ಮಗನಿಗೆ ಅವಳೇ ಹೇಳೋಳಿದ್ದಳು."

"ಯಾವಾಗ? ಮೂರು ಗಂಟು ಬಿದ್ದ ಮೇಲಾ?"

"ಮೊದಲನೇ ಸಲ ಮಾತಾಡುವಾಗ. ಹಿಂದೆ ಅದನ್ನೂ ಬರೆದಿದೆ, ಓದಿರಬೇಕು ನೀವು."

ಅವರ ಕಣ್ಣು ಮೇಜಿನ ಮೇಲಿದ್ದ ಕವರಿನ ಕಡೆ ಹೋಯಿತು.

"ಫಾರಂ ಕೊಡಿ. ಇನ್ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ. ನಾದಿನಿಗೆ ಒಂದು ಫೋನ್ ಮಾಡಿದೆ ಅಷ್ಟೇ. ಅವಳೇನು ಹೊರಗಿನವಳಾ?"

ಪೇಪರಿನ ಹಿಂದಿನಿಂದ ಅವರ ಯಜಮಾನರು, "ನನ್ನ ತಂಗಿಗೆ ಹೇಳೋದೂ ಒಂದೇ, ಇದರಲ್ಲಿ ಹಾಕ್ಸೋದೂ ಒಂದೇ" ಎಂದು ಪೇಪರನ್ನೇ ಅಲ್ಲಾಡಿಸಿದರು. "ಕೊಡು, ಅವರ ಕಾಗದ ಅವರಿಗೆ ಕೊಡು."

ಫಾರಂ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ. ಅಲ್ಲಿಂದ ಮನೆಗೆ ಹೋಗಬಹುದಿತ್ತು. ನಾಳೆ ಒಂದು ಇನ್‌ಲ್ಯಾಂಡ್ ಬರೆದು, ಜಾತಕ ಕೂಡಿ ಬರಲಿಲ್ಲವೆಂದರೆ ಹುಡುಗಿ ನಂಬುತ್ತಿದ್ದಳು. ಕುರ್ಲಾ ಬರುವವರೆಗೂ ಆ ಯೋಚನೆ ಬಂದು ಹೋಗುತ್ತಿತ್ತು. ಕಾಗದದಲ್ಲಿ ಬರೆಯಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಬರೆದು ನೋಡಿದೆ. ಕೆಳಗೆ ನಮ್ಮ ಕೇಂದ್ರದ ಹೆಸರು ಬರೆಯಲು ಆಗಲಿಲ್ಲ. ಮಾಟುಂಗದಲ್ಲಿ ಇಳಿಯಲಿಲ್ಲ. ದಾದರಿನಲ್ಲಿ ಗಾಡಿ ಬದಲಿಸಿ ಪಾರ್ಲೆಗೆ ಹೋದೆ.

ದೀಪ ಹಚ್ಚುವ ಹೊತ್ತು. ಹುಡುಗಿ ಇಸ್ತ್ರಿ ಮಾಡುತ್ತಿದ್ದಳು. "ಅರೆ ಆಂಟಿ, ನೀವು? ಕ್ಯಾ ಹುವಾ?" ಎಂದವಳು ನನ್ನ ಮುಖ ನೋಡಿ ಇಸ್ತ್ರಿ ಪೆಟ್ಟಿಗೆ ಆರಿಸಿದಳು. ಬಾಲ್ಕನಿಯಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ನಾದಿನಿಯ ಫೋನನ್ನೂ ಬಿಡಲಿಲ್ಲ.

"ಒರಿಜಿನಲ್ ಯಾಕೆ ಕೊಟ್ರಿ?"

"ನನ್ನ ಕೈಬರಹ ಬೇಡ ಅಂದರು."

"ಅವರು ಬೇಡ ಅಂದ್ರು, ನೀವು ಕೊಟ್ಬಿಟ್ರಿ?" ಕೆಳಗಿನ ರಸ್ತೆ ನೋಡುತ್ತಲೇ ಮುಂದುವರಿಸಿದಳು. "ನಿಮಗೆ ಹರ್ಟ್ ಆಯ್ತು, ಅದು ಗೊತ್ತಾಗುತ್ತೆ. ಲೇಕಿನ್ ಅದು ನನ್ನ ವಿಷಯ ಅಲ್ವಾ ಆಂಟಿ? ನಾನೇ ಹೇಳ್ಬೇಕಿತ್ತು. ಏನು ಹೇಳ್ಬೇಕು ಅಂತ ಪೂರಾ ಯೋಚಿಸಿ ಇಟ್ಟಿದ್ದೆ."

ಕ್ಷಮಿಸು ಎಂದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಫಾರಂ ತೆಗೆದುಕೊಂಡು ಹಿಂಬದಿ ಓದಿ, ಎರಡಾಗಿ ಮಡಚಿ ಪರ್ಸಿನಲ್ಲಿಟ್ಟಳು. ನಾನು ಚಪ್ಪಲಿ ಹಾಕಿಕೊಳ್ಳುವಾಗ, "ನನ್ನ ತರಹ ಇನ್ನೆಷ್ಟು ಜನರದ್ದು ಇದೆ ನಿಮ್ಮ ಹತ್ರ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಪಾಟು ತೆರೆದು ಒಂದೊಂದೇ ಫಾರಂ ಮಗುಚಿದೆ. ಹಿಂದೆ ಪೆನ್ಸಿಲಿನ ಬರಹವಿದ್ದವು ಇಪ್ಪತ್ತೇಳು ಸಿಕ್ಕವು. ಅಷ್ಟು ಜನಕ್ಕೂ ಇನ್‌ಲ್ಯಾಂಡ್ ಬರೆದೆ: ಯಜಮಾನರು ಈಗಿಲ್ಲ, ನೀವು ಅವರನ್ನು ನಂಬಿ ಹೇಳಿದ್ದನ್ನು ನನ್ನ ಹತ್ತಿರ ಇಟ್ಟುಕೊಳ್ಳಬೇಕೋ ಬೇಡವೋ ನೀವೇ ಬಂದು ಹೇಳಿ.

ಶ್ರಾವಣ ಮುಗಿಯುವವರೆಗೂ ಬರುತ್ತಿದ್ದರು. ಕೆಲವರು ಫಾರಂ ತೆಗೆದುಕೊಂಡು ಹೋದರು. ಹೆಚ್ಚಿನವರು, ಮುಂದಿನ ಪುಟ ಇರಲಿ, ಹಿಂದಿನದು ಅಳಿಸಿಬಿಡಿ ಎಂದರು. ಅವರೆದುರಿಗೇ ಅಳಿಸಿದೆ. ಕಷ್ಟವೆಂದರೆ, ಆ ಪೆನ್ಸಿಲಿನ ಸಾಲುಗಳಲ್ಲಿದ್ದಷ್ಟು ಇವರು ಬೇರೆಲ್ಲೂ ಉಳಿದಿರಲಿಲ್ಲ. ಶಾಯಿಯ ಅಕ್ಷರ ನೇರ, ಆಫೀಸಿನದು. ಪೆನ್ಸಿಲಿನದು ಮೆತ್ತಗೆ, ಸ್ವಲ್ಪ ಬಲಕ್ಕೆ ವಾಲಿ, ಕೇಳಿಸಿಕೊಳ್ಳುತ್ತ ಬರೆದದ್ದು. ಒಂದೊಂದು ಫಾರಂ ಅಳಿಸಿದಾಗಲೂ ಮೇಜಿನ ಮೇಲೆ ಬೂದುಬಣ್ಣದ ಪುಡಿ ಬೀಳುತ್ತಿತ್ತು. ಅಂಗೈಯಲ್ಲಿ ಬಳಿದು ತೆಗೆಯುತ್ತಿದ್ದೆ.

ಆ ಮದುವೆ ಮಾತು ಅಲ್ಲಿಗೇ ನಿಂತಿತು. ಪಾರ್ಲೆಯ ಹುಡುಗಿ ಮತ್ತೆ ಬರಲಿಲ್ಲ. ಬರಲಿ ಎಂದು ನಾನೂ ಬರೆಯಲಿಲ್ಲ, ಆ ಅಧಿಕಾರ ನನಗೆ ಉಳಿದಿರಲಿಲ್ಲ.

ಕೊನೆಗೆ ಬಂದವರು ಯಜಮಾನರ ಹಳೆಯ ಸಹೋದ್ಯೋಗಿ, ಅವರ ಮಗಳ ಫಾರಂ ನಮ್ಮಲ್ಲಿತ್ತು. ರಬ್ಬರ್ ಕೈಗೆತ್ತಿಕೊಂಡಾಗ ಅವರು ನನ್ನನ್ನು ನೋಡಿ, "ಇರಲಿ ಬಿಡಿ. ಅವನ ಅಕ್ಷರ. ನಿಮ್ಮ ಹತ್ತಿರ ಒಂದಾದರೂ ಉಳೀಲಿ" ಎಂದರು.

"ಮಗಳು ಏನಂದಳು?" ಎಂದು ಕೇಳಿದೆ.

"ಅಳಿಸಿಕೊಂಡು ಬಾ ಅಂದಿದ್ದಾಳೆ."

ನಾಲ್ಕು ಸಾಲಿತ್ತು. ಮೇಲಿನಿಂದ ಶುರು ಮಾಡಿ, ಕಾಗದ ಹರಿಯದಂತೆ ಎಡಗೈಯಲ್ಲಿ ಒತ್ತಿ ಹಿಡಿದು, ಪೂರ್ತಿ ಅಳಿಸಿದೆ.